ಮೊದಲ ಸಿಮ್ ಅಮ್ಮನಿಗೆ

ಸೆಮಿಸ್ಟರ್ ರಜೆ ಹತ್ತಿರ ಬಂತು ಅಂದ್ರೆ ಕ್ಯಾಂಟೀನ್‌ನಲ್ಲಿ ಎರಡೇ ಮಾತು. ಒಂದು ಬ್ಯಾಕ್‌ಲಾಗ್, ಇನ್ನೊಂದು ಟ್ರಿಪ್. ಮೈಸೂರು, ಊಟಿ, ಗೋವಾ ಎಲ್ಲ ಮುಗಿಸಿ ನಮ್ಮಲ್ಲಿ ಕೆಲವರ ಮನೆಯವರು ಈಗ ಸಿಂಗಪುರ-ಮಲೇಷ್ಯಾ ಪ್ಯಾಕೇಜ್‌ವರೆಗೆ ಬಂದಿದ್ದಾರೆ. ಹೊರಡೋ ಮುಂಚೆ ಮನೆಯಲ್ಲಿ ಕೆಲಸ ಹಂಚಿಕೆ ಆಗುತ್ತೆ. ಅಪ್ಪನಿಗೆ ಟಿಕೆಟ್ ಮತ್ತು ವೀಸಾ. ಅಮ್ಮನಿಗೆ ಚಟ್ನಿಪುಡಿ, ಚಕ್ಕುಲಿ, ಮಾತ್ರೆ ಡಬ್ಬಿ. ನಮ್ಮ ಪಾಲಿಗೆ ಒಂದೇ ಸಾಲು: "ನೆಟ್ ವಿಷಯ ನೀನು ನೋಡ್ಕೋ, ಇಂಜಿನಿಯರಿಂಗ್ ಓದ್ತಿದ್ದೀಯಲ್ಲ."

ಇದಕ್ಕೆ ಬಹಳ ಮನೆಗಳಲ್ಲಿ ಸಿಗೋ ಪರಿಹಾರವೂ ಒಂದೇ. ಮಗನ ಅಥವಾ ಮಗಳ ಫೋನಿಗೆ ದೊಡ್ಡ ಡೇಟಾ ಪ್ಯಾಕ್ ಹಾಕಿಸೋದು, ಹಾಟ್‌ಸ್ಪಾಟ್ ಆನ್ ಮಾಡೋದು, ಉಳಿದವರಿಗೆ ಪಾಸ್‌ವರ್ಡ್ ಕೊಡೋದು. ಒಂದೇ ಪ್ಯಾಕ್‌ನಲ್ಲಿ ನಾಲ್ಕು ಜನಕ್ಕೆ ನೆಟ್, ದುಡ್ಡೂ ಉಳೀತು. ಕೇಳೋಕೆ ಚೆನ್ನಾಗಿದೆ. ಆದರೆ ಇದು ಸರಿಯಾದ ವ್ಯವಸ್ಥೆ ಅಲ್ಲ ಅನ್ನೋದು ನಮ್ಮ ವಾದ. ವಿದೇಶಕ್ಕೆ ಹೋಗುವ ಕುಟುಂಬದಲ್ಲಿ ಕನಿಷ್ಠ ಎರಡು ಸಂಪರ್ಕ ಬೇಕು, ಅದರಲ್ಲಿ ಮೊದಲನೆಯದು ಅಮ್ಮನ ಫೋನಿನಲ್ಲಿ ಇರಬೇಕು.

ಯಾಕೆ ಅಂತ ನಮ್ಮ ಭಾಷೆಯಲ್ಲೇ ನೋಡೋಣ. ಕ್ಲಾಸಿನಲ್ಲಿ ಸಿಂಗಲ್ ಪಾಯಿಂಟ್ ಆಫ್ ಫೇಲ್ಯೂರ್ ಅಂತ ಕೇಳಿದ್ದೀವಿ. ಒಂದು ಭಾಗ ಕೆಟ್ಟರೆ ಇಡೀ ಸಿಸ್ಟಂ ನಿಂತುಹೋಗುವ ಡಿಸೈನ್ ಅದು. ಒಂದೇ ಹಾಟ್‌ಸ್ಪಾಟ್ ಇರುವ ಕುಟುಂಬವೂ ಹಾಗೇ. ಮ್ಯಾಪ್, ಕ್ಯಾಮೆರಾ, ಟಿಕೆಟ್, ಹಾಟ್‌ಸ್ಪಾಟ್ ಎಲ್ಲ ಒಂದೇ ಫೋನಿನ ಮೇಲೆ ಬಿದ್ದರೆ ಮಧ್ಯಾಹ್ನದ ಹೊತ್ತಿಗೆ ಬ್ಯಾಟರಿ ಕೆಂಪಾಗುತ್ತೆ. ಜೊತೆಗೆ ಹಾಟ್‌ಸ್ಪಾಟ್ ಅನ್ನೋದು ಒಂದು ಪುಟ್ಟ ವೈಫೈ ರೂಟರ್ ಅಷ್ಟೇ. ಹೋಟೆಲ್ ರೂಮಿನಲ್ಲಿ ಚೆನ್ನಾಗಿ ಸಿಗುತ್ತೆ. ಜನಜಂಗುಳಿಯಲ್ಲಿ ಸ್ವಲ್ಪ ದೂರ ಆದರೆ ಸಿಗ್ನಲ್ ಬೀಳುತ್ತೆ, ಯಾಕಂದ್ರೆ 2.4 ಗಿಗಾಹರ್ಟ್ಸ್ ಅಲೆಗಳನ್ನು ನೀರು ಹೀರಿಕೊಳ್ಳುತ್ತೆ, ಮನುಷ್ಯನ ದೇಹದಲ್ಲಿ ಹೆಚ್ಚಿನ ಪಾಲು ನೀರೇ. ಇನ್ನೊಂದು ತೊಂದರೆ ಇದೆ. ಹಾಟ್‌ಸ್ಪಾಟ್‌ಗೆ ಸೇರಿದ ಕೆಲವು ಫೋನ್‌ಗಳು "ವೈಫೈ ಸಿಕ್ಕಿತು" ಅಂದುಕೊಂಡು ಫೋಟೋ ಬ್ಯಾಕಪ್, ಆ್ಯಪ್ ಅಪ್‌ಡೇಟ್ ಎಲ್ಲ ಶುರು ಮಾಡಿಬಿಡುತ್ತವೆ. ಸಂಜೆ ಹೊತ್ತಿಗೆ ಪ್ಯಾಕ್ ಖಾಲಿ, ಯಾರು ಮುಗಿಸಿದ್ದು ಅಂತ ಜಗಳ ಶುರು.

ಇದೆಲ್ಲ ಟೆಕ್ನಿಕಲ್ ಮಾತಾಯ್ತು. ನಮಗೆ ಇದಕ್ಕಿಂತ ದೊಡ್ಡದಾಗಿ ಕಾಣೋದು ಬೇರೆ. ಹಾಟ್‌ಸ್ಪಾಟ್ ಯಾರ ಜೇಬಿನಲ್ಲಿದೆಯೋ ಅವರ ಹಿಂದೆಯೇ ಉಳಿದವರೆಲ್ಲ ನಡೀಬೇಕು. ಲಿಟಲ್ ಇಂಡಿಯಾದ ಮುಸ್ತಫಾ ಸೆಂಟರ್‌ನಂಥ ಹಲವು ಮಹಡಿಯ ಅಂಗಡಿಯಲ್ಲಿ ಅಮ್ಮನಿಗೆ ನಿಧಾನವಾಗಿ ನೋಡೋ ಆಸೆ ಇರುತ್ತೆ. ನಾವು ಎಲೆಕ್ಟ್ರಾನಿಕ್ಸ್ ಕಡೆ ಓಡ್ತೀವಿ. "ಕಳೆದುಹೋದ್ರೆ ಕಷ್ಟ" ಅಂತ ಅವರು ನೋಡಬೇಕಾದ್ದನ್ನು ಬಿಟ್ಟು ನಮ್ಮ ಹಿಂದೆ ಬರ್ತಾರೆ. ಊರಲ್ಲಿ ಒಬ್ಬರೇ ಬ್ಯಾಂಕು, ಮಾರ್ಕೆಟ್ಟು, ಮದುವೆ ಮನೆ ಎಲ್ಲ ಸುತ್ತಿ ಬರುವವರು, ಅಲ್ಲಿ ಹೋಗಿ ಚಿಕ್ಕ ಮಗು ಥರ ಆಗಿಬಿಡ್ತಾರೆ. ಟ್ರಿಪ್ ದುಡ್ಡಿನಲ್ಲಿ ಅವರ ಉಳಿತಾಯವೂ ಇರುತ್ತೆ ಅನ್ನೋದನ್ನ ನೆನಪಿಡೋಣ.

ನಮ್ಮ ಪರಿಚಯದ ಒಂದು ಕುಟುಂಬಕ್ಕೆ ಸಿಂಗಪುರದ ಮೆಟ್ರೋದಲ್ಲಿ, ಅಂದ್ರೆ ಎಂಆರ್‌ಟಿಯಲ್ಲಿ ಹೀಗಾಯ್ತು. ಧೋಬಿ ಘಾಟ್ ಸ್ಟೇಷನ್. ಹೆಸರು ಕೇಳಿದರೆ ನಮ್ಮೂರದೇ ಅನಿಸುತ್ತೆ, ಆದರೆ ಮೂರು ಲೈನ್ ಸೇರುವ ದೊಡ್ಡ ಜಂಕ್ಷನ್ ಅದು. ಮೂವರು ಹತ್ತಿದರು, ಬಾಗಿಲು ಮುಚ್ಚಿತು, ಅಮ್ಮ ಪ್ಲಾಟ್‌ಫಾರ್ಮ್‌ನಲ್ಲೇ ಉಳಿದರು. ಅವರ ಕೈಯಲ್ಲಿ ಒಳ್ಳೆಯ ಸ್ಮಾರ್ಟ್‌ಫೋನ್ ಇತ್ತು. ಅದರಲ್ಲಿ ರೋಮಿಂಗ್ ಇರಲಿಲ್ಲ, ಲೋಕಲ್ ಸಿಮ್ ಇರಲಿಲ್ಲ, ಹಾಟ್‌ಸ್ಪಾಟ್ ರೈಲಿನಲ್ಲಿ ಹೋಗಿತ್ತು. ಅವರು ಗಾಬರಿಯಾಗದೆ ಅಲ್ಲೇ ನಿಂತರು, ಸ್ಟೇಷನ್ ಸಿಬ್ಬಂದಿಗೆ ಹೇಳಿದರು, ಮನೆಯವರು ವಾಪಸ್ ಬಂದರು. ಅರ್ಧ ಗಂಟೆಯಲ್ಲಿ ಎಲ್ಲ ಸರಿಹೋಯ್ತು. ಆದರೆ ಆಮೇಲೆ ಉಳಿದ ದಿನಗಳೆಲ್ಲ ಅವರು ಯಾರದಾದರೂ ಕೈ ಹಿಡಿದೇ ನಡೆದರಂತೆ. ಒಂದು ವಾಟ್ಸಾಪ್ ಮೆಸೇಜ್ ಕಳಿಸೋಕೆ ಆಗಿದ್ದರೆ ಇಷ್ಟಾಗುತ್ತಿರಲಿಲ್ಲ.

"ಅಮ್ಮನಿಗೆ ಅದೆಲ್ಲ ಗೊತ್ತಾಗಲ್ಲ" ಅಂತ ಕೆಲವರು ಹೇಳ್ತಾರೆ. ಫ್ಯಾಮಿಲಿ ಗ್ರೂಪಿಗೆ ದಿನಾ ಬೆಳಿಗ್ಗೆ ಶುಭೋದಯ ಕಳಿಸುವವರು, ಸೊಪ್ಪಿನವರಿಗೆ ಯುಪಿಐನಲ್ಲಿ ದುಡ್ಡು ಹಾಕುವವರು ಲೈವ್ ಲೊಕೇಶನ್ ಕಳಿಸೋಕೆ ಕಲಿಯಲ್ವಾ? ಇನ್ನು ಕೆಲವರು "ಎಲ್ಲ ಕಡೆ ಫ್ರೀ ವೈಫೈ ಇರುತ್ತೆ" ಅಂತಾರೆ. ಚಾಂಗಿ ಏರ್‌ಪೋರ್ಟ್‌ನಲ್ಲಿ ಇದೆ, ಹೋಟೆಲ್‌ನಲ್ಲೂ ಇದೆ. ಆದರೆ ದಾರಿ ತಪ್ಪೋದು ಹೋಟೆಲ್‌ನಲ್ಲಿ ಅಲ್ಲವಲ್ಲ. ಖರ್ಚಿನ ಮಾತು ಮಾತ್ರ ನ್ಯಾಯವಾದದ್ದೇ. ಅದಕ್ಕೇ ನಾವು ನಾಲ್ಕು ಪ್ಯಾಕ್ ಅಂತ ಹೇಳ್ತಿಲ್ಲ, ಎರಡು ಅಂತಿದ್ದೀವಿ. ಕುಟುಂಬ ಎರಡು ಭಾಗವಾದರೆ ಒಂದೊಂದು ಭಾಗದಲ್ಲೂ ಒಂದು ಫೋನ್ ಕೆಲಸ ಮಾಡುತ್ತಿರಬೇಕು. ಪುಟ್ಟ ಮಕ್ಕಳಿರುವ, ಯಾವಾಗಲೂ ಒಟ್ಟಿಗೇ ಇರುವ ಮನೆಗೆ ಹಾಟ್‌ಸ್ಪಾಟ್ ಸಾಕಾಗಬಹುದು. ಅಲ್ಲೂ ಅದು ಒಂದು ಫೋನ್ ಕೆಟ್ಟರೆ ನಿಂತುಹೋಗುತ್ತೆ.

ಇನ್ನು ಹೇಗೆ ಮಾಡೋದು ಅನ್ನೋದು. ಮೊದಲು ಅಮ್ಮನ ಫೋನಿನಲ್ಲಿ *#06# ಒತ್ತಿ ನೋಡಿ. ಐಎಂಇಐ ಜೊತೆಗೆ ಇಐಡಿ ಅಂತ ಒಂದು ಉದ್ದದ ನಂಬರ್ ಬಂದರೆ ಆ ಫೋನಿನಲ್ಲಿ ಇ-ಸಿಮ್ ನಡೆಯುತ್ತೆ. ಆಗ ಹೊರಡೋ ಮುಂಚೆಯೇ ಮನೆಯ ವೈಫೈನಲ್ಲಿ ಕ್ಯೂಆರ್ ಸ್ಕ್ಯಾನ್ ಮಾಡಿ ಹಾಕಬಹುದು. ಆ ಕ್ಯೂಆರ್ ಸಾಮಾನ್ಯವಾಗಿ ಒಂದೇ ಸಲ ನಡೆಯೋದು, ಹಾಗಾಗಿ ಹಾಕಿದ ಮೇಲೆ ಡಿಲೀಟ್ ಮಾಡಬೇಡಿ. ಪ್ಯಾಕ್‌ನ ದಿನಗಳು ಹಾಕಿದ ತಕ್ಷಣ ಶುರುವಾಗುತ್ತವೋ, ಅಲ್ಲಿ ಇಳಿದ ಮೇಲೋ ಅಂತ ಓದಿಕೊಳ್ಳಿ.

ಇ-ಸಿಮ್ ಇಲ್ಲದಿದ್ದರೆ ಸಾಮಾನ್ಯವಾಗಿ ಎರಡನೇ ಸಿಮ್ ಸ್ಲಾಟ್ ಇರುತ್ತೆ. ಅಲ್ಲಿನ ಪ್ರೀಪೇಯ್ಡ್ ಸಿಮ್‌ಗೆ ಪಾಸ್‌ಪೋರ್ಟ್ ತೋರಿಸಬೇಕು. ಇಲ್ಲಿ ಒಂದು ಎಚ್ಚರಿಕೆ: ಬ್ಯಾಂಕಿಗೆ ಕೊಟ್ಟಿರುವ ಭಾರತದ ಸಿಮ್ ಮಾತ್ರ ತೆಗೆಯಬೇಡಿ. ಓಟಿಪಿ ಬರೋದು ಅದಕ್ಕೆ, ಯುಪಿಐ ಆ್ಯಪ್ ಜೋಡಿಸಿಕೊಂಡಿರೋದೂ ಅದಕ್ಕೇ. ಅದರಲ್ಲಿ ರೋಮಿಂಗ್ ಸೇವೆ ಆನ್ ಮಾಡಿಸಿ, ಡೇಟಾ ರೋಮಿಂಗ್ ಆಫ್ ಇಡಿ. ಹೊಸ ಸಿಮ್ ನೋಡಿ ವಾಟ್ಸಾಪ್ ನಂಬರ್ ಬದಲಿಸೋದಾ ಅಂತ ಕೇಳಿದರೆ ಬೇಡ ಅನ್ನಿ, ಹಳೇ ನಂಬರಿನಲ್ಲೇ ನಡೆಯುತ್ತೆ.

ಈ ಸಿಮ್ ಬದಲಾಯಿಸೋದೆಲ್ಲ ಅಮ್ಮನಿಗೆ ಕಿರಿಕಿರಿ ಅನಿಸಿದರೆ ಅವರ ಭಾರತದ ನಂಬರಿಗೇ ರೋಮಿಂಗ್ ಪ್ಯಾಕ್ ಹಾಕಿಸಿ, ಆಗ ಅದರಲ್ಲಿ ಡೇಟಾ ರೋಮಿಂಗ್ ಆನ್ ಇರಬೇಕು. ಸಾಮಾನ್ಯವಾಗಿ ಇದು ದುಬಾರಿ. ಡೇಟಾ ಬಹುಪಾಲು ಭಾರತದ ನೆಟ್‌ವರ್ಕ್ ಸುತ್ತಿಕೊಂಡೇ ಬರೋದರಿಂದ ಸ್ವಲ್ಪ ನಿಧಾನ ಕೂಡ. ಆದರೆ ಫೋನಿನಲ್ಲಿ ಏನೂ ಬದಲಾಗಲ್ಲ. ಸುಲಭವಾದದ್ದು ಅವರಿಗಿರಲಿ, ಅಗ್ಗದ್ದನ್ನ ಹುಡುಕಿ ಸೆಟ್ಟಿಂಗ್ಸ್ ತಿರುವೋ ಕೆಲಸ ನಮಗಿರಲಿ.

ಎರಡು ದೇಶದ ಟ್ರಿಪ್ ಆದರೆ ಪ್ಯಾಕ್ ಎರಡಕ್ಕೂ ನಡೆಯುತ್ತಾ ಅಂತ ನೋಡಿ. ಯುರೋಪಿಯನ್ ಒಕ್ಕೂಟದಲ್ಲಿ 2017ರ ಜೂನ್ 15ರಿಂದ ಒಂದು ದೇಶದ ಸಿಮ್ ಇನ್ನೊಂದು ದೇಶದಲ್ಲಿ ಹೆಚ್ಚುವರಿ ರೋಮಿಂಗ್ ಶುಲ್ಕ ಇಲ್ಲದೆ ನಡೆಯುತ್ತೆ. ಆ ನಿಯಮ ಇಲ್ಲಿಲ್ಲ. ಸಿಂಗಪುರದಿಂದ ಜೊಹೊರ್ ಬಾರುಗೆ ಹೋಗುವ ಕಾಸ್‌ವೇ ಸುಮಾರು 1 ಕಿಲೋಮೀಟರ್ ಅಷ್ಟೇ, ಆದರೆ ಅದನ್ನು ದಾಟಿದರೆ ಸಿಂಗಪುರಕ್ಕೆ ಮಾತ್ರ ಇರುವ ಪ್ಯಾಕ್ ನಡೆಯಲ್ಲ.

ಕೊನೆಗೆ ನೆಟ್ ಇಲ್ಲದೆಯೂ ಕೆಲಸಕ್ಕೆ ಬರೋ ಮೂರು ವಿಷಯ. ಎಲ್ಲರ ನಂಬರನ್ನೂ +91 ಹಾಕಿ ಸೇವ್ ಮಾಡಿ, ಇಲ್ಲಾಂದ್ರೆ ಅಲ್ಲಿಂದ ಕರೆ ಹೋಗಲ್ಲ. ಊರಿನ ಮ್ಯಾಪನ್ನೂ, ಟ್ರಾನ್ಸ್‌ಲೇಟ್ ಆ್ಯಪ್‌ನಲ್ಲಿ ಕನ್ನಡವನ್ನೂ ಮೊದಲೇ ಡೌನ್‌ಲೋಡ್ ಮಾಡಿ. ಅಜ್ಜಿ ಜೊತೆಗಿದ್ದರೆ ಅವರ ಪರ್ಸಿನಲ್ಲಿ ಹೋಟೆಲ್ ಕಾರ್ಡ್ ಮತ್ತು ನಮ್ಮ ನಂಬರ್ ಬರೆದ ಚೀಟಿ ಇರಲಿ, ಚೀಟಿಗೆ ಚಾರ್ಜ್ ಬೇಕಾಗಲ್ಲ.

ಹೊರಡೋ ಮುಂಚಿನ ಒಂದು ಭಾನುವಾರ ಮನೆಯಲ್ಲೇ ಪ್ರಾಕ್ಟಿಕಲ್ ಮಾಡಿಸಿ. ಅಮ್ಮ ಒಬ್ಬರೇ ಮೆಟ್ರೋ ಇಳಿದು ಗಾಂಧಿ ಬಜಾರ್‌ಗೆ ಹೋಗಲಿ. ನಾವು ಬೇರೆ ಕಡೆಯಿಂದ ಹೊರಟು, ಅವರು ಕಳಿಸಿದ ಲೊಕೇಶನ್ ನೋಡಿಕೊಂಡು ಅವರನ್ನ ಹುಡುಕೋಣ. ದಾರಿ ನಮಗಿಂತ ಅವರಿಗೇ ಚೆನ್ನಾಗಿ ಗೊತ್ತಿರುತ್ತೆ, ಕಲಿಯಬೇಕಾಗಿರೋದು ಎರಡು ಬಟನ್ ಮಾತ್ರ. ಈ ರಜೆಗೆ ನಿಮ್ಮ ಮನೆಯಲ್ಲೂ ಟ್ರಿಪ್ ಇದ್ದರೆ, ಎಷ್ಟು ಜಿಬಿ ಅಂತ ಲೆಕ್ಕ ಹಾಕೋ ಮುಂಚೆ ಅಮ್ಮನ ಫೋನ್ ಈಸ್ಕೊಂಡು *#06# ಒತ್ತಿ.