ಮೆಕ್ಯಾನಿಕ್‌ಗೆ ಕಲಿಸುವವರನ್ನು ಪರೀಕ್ಷಿಸುವವರು ಯಾರು?

ಅಹಮದಾಬಾದ್‌ನಲ್ಲಿ ಡ್ರೈವಿಂಗ್ ಸ್ಕೂಲ್ ತೆರೆಯಬೇಕೆಂದರೆ ಆರ್‌ಟಿಒ ಲೈಸೆನ್ಸ್ ಬೇಕೇ ಬೇಕು. 1988ರ ಮೋಟಾರು ವಾಹನ ಕಾಯ್ದೆಯ 12ನೇ ಸೆಕ್ಷನ್, 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 24ನೇ ನಿಯಮ ಎರಡೂ ಇದಕ್ಕೆ ಅನ್ವಯಿಸುತ್ತವೆ. ಕಲಿಸುವವನು ಏನು ಓದಿರಬೇಕು, ಎಷ್ಟು ವರ್ಷ ವಾಹನ ಓಡಿಸಿರಬೇಕು, ಕಲಿಸುವ ಕಾರಿನಲ್ಲಿ ಗುರುವಿನ ಕಾಲಿಗೂ ಬ್ರೇಕ್ ಸಿಗುವಂತಿದೆಯೇ, ತರಗತಿಯ ಗೋಡೆಯ ಮೇಲೆ ಯಾವ ಚಾರ್ಟ್ ಇರಬೇಕು ಎಂಬುದನ್ನೆಲ್ಲ ಅಲ್ಲಿ ಹೇಳಿದೆ. ಅದೇ ಊರಿನಲ್ಲಿ, ವಿದ್ಯುತ್ ಕಾರಿನ 300 ವೋಲ್ಟ್ ದಾಟಿದ ಬ್ಯಾಟರಿಯನ್ನು ಬಿಚ್ಚುವ ಬಗೆ ಕಲಿಸುವ ಎರಡು ದಿನದ ಶಿಬಿರ ನಡೆಸಲು ಯಾರ ಅನುಮತಿಯೂ ಬೇಕಿಲ್ಲ. ಒಂದು ಹಾಲ್, ಒಂದು ಪ್ರೊಜೆಕ್ಟರ್, ಮುದ್ರಿಸಿಟ್ಟ ಸರ್ಟಿಫಿಕೇಟ್‌ಗಳು ಇದ್ದರೆ ಸಾಕು. ಕಾರು ಓಡಿಸುವವನ ಗುರುವಿಗೆ ಇಷ್ಟು ಕಟ್ಟುಪಾಡು ಹಾಕಿದ ಕಾನೂನು, ಕಾರು ರಿಪೇರಿ ಮಾಡುವವನ ಗುರುವಿನ ಕಡೆ ತಿರುಗಿಯೂ ನೋಡಿಲ್ಲ.

ಹಿಂದೆ ಇದರಿಂದ ದೊಡ್ಡ ತೊಂದರೆ ಇರಲಿಲ್ಲ. ಗ್ಯಾರೇಜಿನಲ್ಲಿ ಹೆಲ್ಪರ್ ಆಗಿ ಸೇರಿದ ಹುಡುಗ ಉಸ್ತಾದನ ಪಕ್ಕದಲ್ಲಿ ನಿಂತು ಪಾನಾ ಕೊಡುತ್ತ, ಎಂಜಿನ್ ಸದ್ದಿಗೆ ಕಿವಿಗೊಡುತ್ತ ಕಲಿಯುತ್ತಿದ್ದ. ಒಮ್ಮೆ ಕಲಿತದ್ದು ಇಪ್ಪತ್ತು ವರ್ಷ ಅನ್ನ ಕೊಡುತ್ತಿತ್ತು. ಕಳೆದ ಹತ್ತು ವರ್ಷಗಳಲ್ಲಿ ಆ ಲೆಕ್ಕ ತಪ್ಪಿದೆ. 2017ರ ಏಪ್ರಿಲ್‌ನಲ್ಲಿ ವಾಹನದ ಹೊಗೆಗೆ ಮಿತಿ ಹಾಕುವ ಬಿಎಸ್-4 ಮಾನದಂಡ ದೇಶವ್ಯಾಪಿಯಾಯಿತು. ಮೂರೇ ವರ್ಷಕ್ಕೆ, 2020ರ ಏಪ್ರಿಲ್‌ನಲ್ಲಿ, ಬಿಎಸ್-5 ಹಂತವನ್ನೇ ಬಿಟ್ಟು ಬಿಎಸ್-6 ಬಂತು. ಬೈಕುಗಳಲ್ಲಿ ಕಾರ್ಬ್ಯುರೇಟರ್ ಹೋಗಿ ಫ್ಯುಯೆಲ್ ಇಂಜೆಕ್ಷನ್ ಕೂತಿತು. ಡೀಸೆಲ್ ವಾಹನಗಳಿಗೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್, ಯೂರಿಯಾ ದ್ರಾವಣ ಬಂದವು. 2023ರಲ್ಲಿ ಬಿಎಸ್-6ರ ಎರಡನೇ ಹಂತ ಜಾರಿಯಾಗಿ, ರಸ್ತೆಯ ಮೇಲೆ ಓಡುತ್ತಿರುವಾಗಲೂ ಹೊಗೆಯ ಗುಣವನ್ನು ವಾಹನವೇ ಗಮನಿಸುತ್ತಿರಬೇಕೆಂಬ ನಿಯಮ ಬಂತು. ಇದರ ಜೊತೆಗೇ ವಿದ್ಯುತ್ ವಾಹನಗಳೂ ಬಂದವು. ಗುಜರಾತ್ ಸರ್ಕಾರ 2021ರ ಜುಲೈನಲ್ಲಿ ಜಾರಿಗೆ ತಂದ ನೀತಿ ನಾಲ್ಕು ವರ್ಷಗಳಲ್ಲಿ 2 ಲಕ್ಷ ವಿದ್ಯುತ್ ವಾಹನಗಳ ಗುರಿ ಇಟ್ಟುಕೊಂಡಿತು. ಕೊಳ್ಳುವವರಿಗೆ ಸಹಾಯಧನ ಸಿಕ್ಕಿತು, ಚಾರ್ಜಿಂಗ್ ಕೇಂದ್ರಗಳಿಗೂ ಸಿಕ್ಕಿತು. ಆ ವಾಹನಗಳನ್ನು ಮುಂದೆ ಬಿಚ್ಚಿ ಕೂಡಿಸಬೇಕಾದ ಕೈಗಳು ಎಲ್ಲಿ, ಯಾರಿಂದ ಕಲಿಯಬೇಕು ಎಂಬ ಪ್ರಶ್ನೆಗೆ ಅಷ್ಟು ಮಹತ್ವ ಸಿಗಲಿಲ್ಲ.

ಕಂಪನಿಗಳು ತಮ್ಮ ಡೀಲರ್‌ಗಳ ಸರ್ವಿಸ್ ಸೆಂಟರ್ ಹುಡುಗರಿಗೆ ತರಬೇತಿ ಕೊಡುತ್ತವೆ, ಹಲವು ಕಂಪನಿಗಳು ಚೆನ್ನಾಗಿಯೇ ಕೊಡುತ್ತವೆ. ಆದರೆ ವಾರಂಟಿ ಮುಗಿದ ಮೇಲೆ ಬಹುಪಾಲು ವಾಹನಗಳು ಹೋಗುವುದು ಬೀದಿಬದಿಯ ಸ್ವತಂತ್ರ ಗ್ಯಾರೇಜಿಗೆ. ಅಲ್ಲಿರುವವನಿಗೆ ಕಂಪನಿಯ ಬಾಗಿಲು ತೆರೆದಿಲ್ಲ. ಗುಜರಾತ್ ಇನ್ನೂ ಕಹಿಯಾದ ಪಾಠವೊಂದನ್ನು ಕಂಡಿದೆ. ವಡೋದರಾದ ಬಳಿಯ ಹಾಲೋಲ್‌ನಲ್ಲಿ 1996ರಿಂದ ಕಾರು ತಯಾರಿಸುತ್ತಿದ್ದ ಜನರಲ್ ಮೋಟಾರ್ಸ್ 2017ರಲ್ಲಿ ಆ ಕಾರ್ಖಾನೆ ಮುಚ್ಚಿ, ಅದೇ ವರ್ಷ ಭಾರತದಲ್ಲಿ ಮಾರಾಟವನ್ನೇ ನಿಲ್ಲಿಸಿತು. ಅಹಮದಾಬಾದ್ ಬಳಿಯ ಸಾಣಂದ್‌ನಲ್ಲಿ 2015ರಲ್ಲಿ ಕಾರ್ಖಾನೆ ತೆರೆದ ಫೋರ್ಡ್, 2021ರ ಸೆಪ್ಟೆಂಬರ್‌ನಲ್ಲಿ ಭಾರತದಲ್ಲಿ ಕಾರು ತಯಾರಿಕೆಗೆ ವಿದಾಯ ಘೋಷಿಸಿತು. ಹಾಲೋಲ್ ಘಟಕ ಎಂಜಿ ಮೋಟಾರ್‌ನ ಕೈಗೆ, ಸಾಣಂದ್ ಘಟಕ ಟಾಟಾ ಸಂಸ್ಥೆಯ ಕೈಗೆ ಹೋದವು. ಕಾರ್ಖಾನೆಗಳಿಗೆ ಹೊಸ ಒಡೆಯರು ಸಿಕ್ಕರು. ಹಿಂದಿನ ಕಂಪನಿಗಳು ಬಿಡಿಭಾಗ, ಸರ್ವಿಸ್ ಮುಂದುವರಿಸುವ ಭರವಸೆ ಕೊಟ್ಟಿದ್ದರೂ, ಆ ಕಾರುಗಳು ವರ್ಷದಿಂದ ವರ್ಷಕ್ಕೆ ಸ್ವತಂತ್ರ ಮೆಕ್ಯಾನಿಕ್‌ಗಳನ್ನೇ ಹೆಚ್ಚು ನೆಚ್ಚಬೇಕಾಗುತ್ತದೆ. ತರಬೇತಿ ಪೂರ್ತಿ ಕಂಪನಿಯ ಜೇಬಿನಲ್ಲಿದ್ದರೆ, ಕಂಪನಿ ಊರು ಬಿಟ್ಟ ದಿನ ವಿದ್ಯೆಯೂ ಊರು ಬಿಡುತ್ತದೆ.

ಸರ್ಕಾರದ ವ್ಯವಸ್ಥೆ ಇಲ್ಲವೇ ಎಂದರೆ, ಇದೆ. ಅಹಮದಾಬಾದ್‌ನ ಕುಬೇರನಗರ, ವಡೋದರಾದ ತರಸಾಲಿ ಮೊದಲಾದ ಕಡೆ ದೊಡ್ಡ ಐಟಿಐಗಳಿವೆ. ಮೋಟಾರು ವಾಹನ ಮೆಕ್ಯಾನಿಕ್ ಕೋರ್ಸಿನ ಜೊತೆಗೆ ಈಗ ಎರಡು ವರ್ಷದ ವಿದ್ಯುತ್ ವಾಹನ ಮೆಕ್ಯಾನಿಕ್ ಕೋರ್ಸೂ ಐಟಿಐ ಪಟ್ಟಿಗೆ ಸೇರಿದೆ. ಆದರೆ ಇವು ಶಾಲೆ ಮುಗಿಸಿ ಬರುವ ಹುಡುಗರಿಗೆ. ನಲವತ್ತು ದಾಟಿದ, ಮನೆ ನಡೆಸಬೇಕಾದ ಮೆಕ್ಯಾನಿಕ್ ಎರಡು ವರ್ಷ ಬೆಂಚಿನ ಮೇಲೆ ಕೂರಲಾರ. ಅವನ ಪಾಲಿಗಿರುವುದು ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯ ಅಡಿ, ಇರುವ ವಿದ್ಯೆಗೇ ಮುದ್ರೆ ಒತ್ತುವ ಏರ್ಪಾಡು: ಕೆಲವು ಗಂಟೆಗಳ ಓರಿಯೆಂಟೇಷನ್, ಆಮೇಲೆ ಪರೀಕ್ಷೆ, ಆಮೇಲೆ ಸರ್ಟಿಫಿಕೇಟ್. ಅದು ಗೌರವ ತರುವ ಕೆಲಸ, ಅದನ್ನು ಹಗುರ ಮಾಡಬಾರದು. ಆದರೆ ಅವನಿಗೆ ಗೊತ್ತಿರುವುದನ್ನು ಒಪ್ಪಿಕೊಳ್ಳುವುದೇ ಬೇರೆ, ಗೊತ್ತಿಲ್ಲದ್ದನ್ನು ಕಲಿಸುವುದೇ ಬೇರೆ.

ತರಬೇತಿ ಕೊಡುವ ಸಂಸ್ಥೆಗೆ ಮಾನ್ಯತೆ ಸಿಗುವ ಬಗೆಯನ್ನೂ ನೋಡಬೇಕು. 2018ರ ಡಿಸೆಂಬರ್‌ನಲ್ಲಿ ಅಧಿಸೂಚನೆಯಾದ ರಾಷ್ಟ್ರೀಯ ವೃತ್ತಿ ಶಿಕ್ಷಣ ಮತ್ತು ತರಬೇತಿ ಪರಿಷತ್ತು ಪ್ರಮಾಣಪತ್ರ ಕೊಡುವ ಸಂಸ್ಥೆಗಳಿಗೂ ಪರೀಕ್ಷೆ ನಡೆಸುವ ಸಂಸ್ಥೆಗಳಿಗೂ ಮಾನ್ಯತೆ ಕೊಡುತ್ತದೆ. ತರಬೇತಿ ಕೇಂದ್ರಗಳಿಗೆ ಮಾನ್ಯತೆ ಕೊಡುವ ಹೊಣೆ ಪ್ರಮಾಣಪತ್ರ ಕೊಡುವ ಸಂಸ್ಥೆಗಳದು. ವಾಹನ ಕ್ಷೇತ್ರದಲ್ಲಿ ಆ ಜಾಗದಲ್ಲಿರುವುದು ವಾಹನ ತಯಾರಕರು, ಬಿಡಿಭಾಗ ತಯಾರಕರು, ಡೀಲರ್‌ಗಳ ಸಂಘಗಳು ಸರ್ಕಾರದ ಜೊತೆ ಸೇರಿ ಕಟ್ಟಿದ ವಾಹನ ಕೌಶಲ ಅಭಿವೃದ್ಧಿ ಮಂಡಳಿ. ಸ್ವತಂತ್ರ ಗ್ಯಾರೇಜಿನವರಿಗೆ ಅದರ ಸ್ಥಾಪಕರ ಸಾಲಿನಲ್ಲಿ ಜಾಗವಿರಲಿಲ್ಲ. ಪ್ರಮಾಣಪತ್ರ ಹಂಚುವವರೇ ಕಲಿಸುವವರ ಗುಣಮಟ್ಟವನ್ನೂ ಅಳೆದರೆ ಹಿತಾಸಕ್ತಿಗಳ ಘರ್ಷಣೆ ತಪ್ಪದು. ಕೌಶಲ ಮಂಡಳಿಗಳ ಬಗ್ಗೆ ಶಾರದಾ ಪ್ರಸಾದ್ ಸಮಿತಿ ಸುಮಾರು ಹತ್ತು ವರ್ಷಗಳ ಹಿಂದೆ ಎತ್ತಿದ ಆಕ್ಷೇಪಗಳಲ್ಲಿ ಇದೂ ಒಂದು. ಮೇಲಾಗಿ ಕೇಂದ್ರಗಳ ಪರಿಶೀಲನೆಯಲ್ಲಿ ಎದ್ದು ಕಾಣುವುದು ಕೊಠಡಿಯ ಅಳತೆ, ಉಪಕರಣಗಳ ಪಟ್ಟಿ, ಬಯೊಮೆಟ್ರಿಕ್ ಹಾಜರಿ. ಕಲಿತು ಹೋದವನು ಮರುವಾರ ಗ್ಯಾರೇಜಿನಲ್ಲಿ ಏನು ಬೇರೆ ಮಾಡಿದ ಎಂಬುದು ಆ ಅಳತೆಪಟ್ಟಿಗೆ ಸಿಗುವುದಿಲ್ಲ.

ಅಮೆರಿಕದಲ್ಲಿ 1972ರಲ್ಲಿ ಹುಟ್ಟಿದ ಆಟೊಮೋಟಿವ್ ಸರ್ವಿಸ್ ಎಕ್ಸಲೆನ್ಸ್ ಸಂಸ್ಥೆ ಮೊದಲು ಮೆಕ್ಯಾನಿಕ್‌ಗಳಿಗೆ ಪರೀಕ್ಷೆ ನಡೆಸತೊಡಗಿತು. ಐದು ವರ್ಷಕ್ಕೊಮ್ಮೆ ಪ್ರಮಾಣಪತ್ರ ನವೀಕರಿಸಬೇಕು, ಇಲ್ಲದಿದ್ದರೆ ಅದು ಬೀಳುತ್ತದೆ. ಮೆಕ್ಯಾನಿಕ್‌ ಒಬ್ಬನನ್ನೇ ಪರೀಕ್ಷಿಸಿದರೆ ಸಾಲದೆಂದು 1983ರಲ್ಲಿ ಕಾಲೇಜುಗಳ ಕೋರ್ಸುಗಳನ್ನು ತೂಗಿ ನೋಡುವ ಅಂಗವೊಂದು ಬಂತು. ಮುಂದೆ, ಈಗಾಗಲೇ ಕೆಲಸದಲ್ಲಿರುವ ತಂತ್ರಜ್ಞರಿಗೆ ಕಲಿಸುವ ಸಂಸ್ಥೆಗಳಿಗೆಂದೇ ಪ್ರತ್ಯೇಕ ಪ್ರಮಾಣೀಕರಣ ರೂಪುಗೊಂಡಿತು. ನನ್ನ ವಾದ ನಿಂತಿರುವುದು ಈ ಕೊನೆಯ ಹೆಜ್ಜೆಯ ಮೇಲೆ. ಕಾಲೇಜು ಹುಡುಗನಿಗೆ ಕಲಿಸುವುದಕ್ಕೂ, ದಿನದ ದುಡಿಮೆ ಬಿಟ್ಟು ಬಂದ ಕಸುಬುದಾರನಿಗೆ ಕಲಿಸುವುದಕ್ಕೂ ಅಳತೆಗೋಲು ಒಂದೇ ಆಗಲಾರದು ಎಂದು ಅಲ್ಲಿನವರು ಗುರುತಿಸಿದರು. ನಾವು ಇನ್ನೂ ಗುರುತಿಸಿಲ್ಲ.

ನಮ್ಮಲ್ಲೂ ಒಂದು ಬಾಗಿಲು ಅರ್ಧ ತೆರೆದಿತ್ತು. ಬಿಡಿಭಾಗ, ದೋಷಪತ್ತೆ ಉಪಕರಣಗಳನ್ನು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ತಡೆದಿದ್ದಾರೆಂದು ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು ₹2,544 ಕೋಟಿಗೂ ಹೆಚ್ಚು ದಂಡ ಹಾಕಿತು. ಆ ದಂಡದ ಮೊತ್ತವೇ ಸುದ್ದಿಯಾಯಿತು. ಅದೇ ಆದೇಶದಲ್ಲಿ ಇನ್ನೊಂದು ಮಾತಿತ್ತು: ಸ್ವತಂತ್ರ ರಿಪೇರಿದಾರರಿಗೆ ತರಬೇತಿಯ ವ್ಯವಸ್ಥೆ ಮಾಡಿ, ಉಪಕರಣ ಸುಲಭವಾಗಿ ಸಿಗುವಂತೆ ನೋಡಿಕೊಳ್ಳಿ, ಬೇಕಿದ್ದರೆ ಶುಲ್ಕ ಪಡೆದು ತರಬೇತಿ ಪ್ರಮಾಣಪತ್ರ ಕೊಡಿ ಎಂದು. ಪ್ರಕರಣ ಮೇಲ್ಮನವಿಗಳ ಹಾದಿ ಹಿಡಿಯಿತು, ಆ ಮಾತು ಕಡತದಲ್ಲಿ ಉಳಿಯಿತು.

ಹಾಗಾದರೆ ಗುರುವಿಗೆ ಕೊಡುವ ಪ್ರಮಾಣಪತ್ರ ಏನನ್ನು ನೋಡಬೇಕು? ಮೊದಲಿಗೆ, ಕಲಿಸುವವನ ಕೈ. ಅವನು ಕಳೆದ ಒಂದೆರಡು ವರ್ಷಗಳಲ್ಲಿ ತಾನೇ ವಾಹನ ರಿಪೇರಿ ಮಾಡಿದ್ದಾನೆಯೇ? ಹತ್ತು ವರ್ಷದ ಹಿಂದೆ ಗ್ಯಾರೇಜು ಬಿಟ್ಟು ಪ್ರೊಜೆಕ್ಟರ್ ಹಿಡಿದವನು ಬಿಎಸ್-6 ವಾಹನದ ಗುಣ ಕಲಿಸಲಾರ. ವಿದ್ಯುತ್ ವಾಹನದ ಕೋರ್ಸ್ ಆದರೆ ತರಗತಿಯಲ್ಲಿ ನಿಜವಾದ ವಾಹನ ಇರಲೇಬೇಕು. ಸರ್ವಿಸ್ ಪ್ಲಗ್ ಕೀಳುವುದು, ಇನ್ವರ್ಟರ್‌ನ ಕೆಪಾಸಿಟರ್‌ನಲ್ಲಿ ಉಳಿದ ವಿದ್ಯುತ್ ಇಳಿಯುವವರೆಗೆ ಕಾಯುವುದು, ಮೀಟರ್ ಹಿಡಿದು ಸೊನ್ನೆ ತೋರಿಸಿದ ಮೇಲಷ್ಟೇ ಕಿತ್ತಳೆ ಬಣ್ಣದ ಕೇಬಲ್ ಮುಟ್ಟುವುದು, ಇನ್ಸುಲೇಟೆಡ್ ಗ್ಲೌಸ್‌ನಲ್ಲಿ ಸಣ್ಣ ತೂತಿದೆಯೇ ಎಂದು ಗಾಳಿ ತುಂಬಿ ನೋಡುವುದು, ಇವೆಲ್ಲ ಕೈಯಲ್ಲಿ ಮಾಡಿ ರೂಢಿಯಾಗಬೇಕಾದ ಕೆಲಸಗಳು. ಚಿತ್ರ ನೋಡಿ ಕಲಿತವನು ಅವಸರದಲ್ಲಿ ಒಂದು ಹೆಜ್ಜೆ ಬಿಟ್ಟರೆ ಎರಡನೇ ಅವಕಾಶ ಸಿಗದಿರಬಹುದು. ಅವನ ಮನೆಯಲ್ಲಿ ಕಾಯುವವರಿದ್ದಾರೆ ಎಂಬ ನೆನಪು ನಿಯಮ ಬರೆಯುವವರಿಗೆ ಇರಬೇಕು.

ಎರಡನೆಯದು, ಹೊತ್ತು ಮತ್ತು ಹಣ. ಒಂದು ದಿನ ಶಟರ್ ಎಳೆದರೆ ಗ್ಯಾರೇಜಿನವನಿಗೆ ಆ ದಿನದ ಗಳಿಕೆ ಇಲ್ಲ, ಕಾಯಂ ಗಿರಾಕಿಯೂ ಪಕ್ಕದವನ ಹತ್ತಿರ ಹೋಗಬಹುದು. ಸಂಜೆಯ, ರಜಾದಿನದ ಪಾಠವಿಲ್ಲದ ಸಂಸ್ಥೆ ಇಂಥವರಿಗಾಗಿ ಇರುವುದೇ ಅಲ್ಲ ಎಂದು ಪ್ರಮಾಣೀಕರಿಸುವವರು ಖಂಡಿತವಾಗಿ ಹೇಳಬೇಕು. ಶುಲ್ಕವೆಷ್ಟು, ಅದರಲ್ಲಿ ಏನು ಸಿಗುತ್ತದೆ ಎಂಬುದು ಮೊದಲೇ ಬರಹದಲ್ಲಿರಬೇಕು. ಯಾವುದೋ ಸ್ಕ್ಯಾನರ್ ಮಾರುವುದಕ್ಕೇ ನಡೆಯುವ ‘ಉಚಿತ ತರಬೇತಿ’ಯನ್ನು ತರಬೇತಿ ಎಂದು ಲೆಕ್ಕ ಹಿಡಿಯಬಾರದು.

ಮೂರನೆಯದು ಭಾಷೆ. ಇದನ್ನು ಹೇಳಲು ವಡೋದರಾಕ್ಕಿಂತ ಒಳ್ಳೆಯ ಊರಿಲ್ಲ. ಮಹಾರಾಜ ಮೂರನೇ ಸಯಾಜಿರಾವ್ ಗಾಯಕವಾಡ್ 1890ರಲ್ಲಿ ಅಲ್ಲಿ ಕಲಾಭವನ ಎಂಬ ತಾಂತ್ರಿಕ ಶಾಲೆ ತೆರೆದರು. ಅದನ್ನು ಕಟ್ಟಿ ಬೆಳೆಸಿದ ತ್ರಿಭುವನದಾಸ್ ಗಜ್ಜರ್ ಸೂರತ್‌ನ ಬಡಗಿ ಸಮುದಾಯದಿಂದ ಬಂದ ರಸಾಯನಶಾಸ್ತ್ರಜ್ಞ. ಕಸುಬುದಾರರ ಮಕ್ಕಳಿಗೆ ವಿಜ್ಞಾನ ಅವರ ಮಾತಿನಲ್ಲೇ ತಲುಪಬೇಕೆಂದು ಹಟ ಹಿಡಿದು, ಗುಜರಾತಿಯಲ್ಲಿ ತಾಂತ್ರಿಕ ಪುಸ್ತಕಗಳನ್ನು ಬರೆಸಿದವರು ಅವರು. ನೂರಮೂವತ್ತು ವರ್ಷಗಳ ನಂತರ ಅದೇ ಊರಿನ ಮೆಕ್ಯಾನಿಕ್, ವೈರಿಂಗ್ ನಕ್ಷೆ ಇಂಗ್ಲಿಷ್‌ನಲ್ಲಷ್ಟೇ ಇದೆ ಎಂಬ ಕಾರಣಕ್ಕೆ ಹಿಂದುಳಿಯುವುದು ನ್ಯಾಯವಲ್ಲ. ಬಿಡಿಭಾಗದ ಹೆಸರು ಇಂಗ್ಲಿಷ್‌ನಲ್ಲಿರಲಿ, ಅಡ್ಡಿಯಿಲ್ಲ. ವಿವರಣೆ ಗುಜರಾತಿಯಲ್ಲಿ, ಸೂರತ್‌ನಂಥ ವಲಸಿಗರ ಊರಿನಲ್ಲಿ ಹಿಂದಿ, ಒಡಿಯಾ, ಮರಾಠಿಯಲ್ಲೂ ಇರಬೇಕು.

ಇಷ್ಟು ಷರತ್ತು ಹಾಕಿದರೆ ಸಣ್ಣ ಸಂಸ್ಥೆಗಳು ಮುಳುಗುತ್ತವೆ, ದೊಡ್ಡವರು ಮಾತ್ರ ಉಳಿಯುತ್ತಾರೆ ಎಂಬ ಆಕ್ಷೇಪಕ್ಕೆ ಬೆಲೆಯಿದೆ. ಮೂವತ್ತು ವರ್ಷದಿಂದ ಹುಡುಗರನ್ನು ತಯಾರು ಮಾಡುತ್ತಿರುವ ಒಬ್ಬ ಉಸ್ತಾದನಿಗೆ ಸಾವಿರ ಚದರಡಿ ತರಗತಿ ತೋರಿಸು ಎಂದರೆ ಅವನು ಕಲಿಸುವುದನ್ನೇ ಬಿಟ್ಟಾನು. ಹಾಗಾಗಿಯೇ ಕಟ್ಟಡದ ಬದಲು ಕೋರ್ಸನ್ನು ಪ್ರಮಾಣೀಕರಿಸಬೇಕು. ಬ್ರೇಕ್ ಒಂದನ್ನೇ ಕಲಿಸುವವನಿಗೆ ಬ್ರೇಕಿನ ಮಾನ್ಯತೆ, ಸಿಎನ್‌ಜಿ ಕಲಿಸುವವನಿಗೆ ಸಿಎನ್‌ಜಿಯದು. ಜಾಗ ಬೇಕಾದರೆ ಐಟಿಐ ವರ್ಕ್‌ಶಾಪನ್ನು ಸಂಜೆ ಬಾಡಿಗೆಗೆ ಕೊಡಲಿ.

ಸಿಎನ್‌ಜಿ ಹೆಸರು ಬಂದದ್ದಕ್ಕೆ ಹೇಳಬೇಕು, ಅಹಮದಾಬಾದ್, ವಡೋದರಾ, ಸೂರತ್ ಈ ಮೂರೂ ಊರುಗಳಿಗೆ ಇಂಥ ಶಿಸ್ತು ಹೊಸದಲ್ಲ. ಆಟೊಗಳಲ್ಲಿ, ಕಾರುಗಳಲ್ಲಿ ಸುಮಾರು 200 ಬಾರ್ ಒತ್ತಡದ ಸಿಲಿಂಡರ್ ಹೊತ್ತು ಓಡಾಡುವ ಜನ ಇವರು. ಆ ಸಿಲಿಂಡರನ್ನು ಮೂರು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಬೇಕು, ಅದೂ ಕೇಂದ್ರದ ಸ್ಫೋಟಕ ಸುರಕ್ಷತಾ ಸಂಸ್ಥೆ ಒಪ್ಪಿದ ಕೇಂದ್ರದಲ್ಲೇ. ಕಿಟ್‌ಗೂ ಅನುಮೋದನೆ ಬೇಕು. ಸಿಡಿಯಬಹುದಾದ ವಸ್ತುವನ್ನು ಪರೀಕ್ಷಿಸುವವನನ್ನೂ ಪರೀಕ್ಷಿಸಬೇಕೆಂದು ಅಲ್ಲಿ ಒಪ್ಪಿಕೊಂಡಿದ್ದೇವೆ. ಅಧಿಕ ವೋಲ್ಟೇಜ್ ಬ್ಯಾಟರಿಯ ವಿಷಯದಲ್ಲಿ ಅದೇ ನ್ಯಾಯ ಏಕಿಲ್ಲ?

ಇದು ಗುಜರಾತಿನ ಸಮಸ್ಯೆ ಎಂದು ನಾವು ಸುಮ್ಮನಿರುವಂತಿಲ್ಲ. ವಿದ್ಯುತ್ ವಾಹನ ನೀತಿಯನ್ನು ದೇಶದಲ್ಲೇ ಮೊದಲು, 2017ರಲ್ಲಿ ತಂದ ರಾಜ್ಯ ಕರ್ನಾಟಕ. ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ₹4,636 ಕೋಟಿ ಯೋಜನೆಯಲ್ಲಿ 150 ಸರ್ಕಾರಿ ಐಟಿಐಗಳನ್ನು ಮೇಲ್ದರ್ಜೆಗೇರಿಸಿದ್ದೇವೆ. ಅಲ್ಲಿನ ಹೊಸ ಯಂತ್ರಗಳ ಮುಂದೆ ದಾವಣಗೆರೆ, ಹುಬ್ಬಳ್ಳಿ, ಕಲಬುರಗಿಯ ಗ್ಯಾರೇಜಿನವರು ನಿಲ್ಲುವಂತಾಗಬೇಕು. ಅವರಿಗೆ ಕಲಿಸುವವರು ಯಾರು, ಅವರ ಯೋಗ್ಯತೆ ಏನು ಎಂದು ಬೆಂಗಳೂರೂ ಕೇಳಿಕೊಳ್ಳಬೇಕು.

ಗುಜರಾತ್ ಮೊದಲು ಮಾಡಬಹುದು, ಅದಕ್ಕೆ ಬೇಕಾದ ಅಂಗಗಳು ಅಲ್ಲಿವೆ. 2021ರಲ್ಲಿ ರಾಜ್ಯ ಸರ್ಕಾರವೇ ಅಹಮದಾಬಾದ್‌ನಲ್ಲಿ ಕೌಶಲ್ಯ ಎಂಬ ಕೌಶಲ ವಿಶ್ವವಿದ್ಯಾಲಯ ಸ್ಥಾಪಿಸಿದೆ. ಮೂರೂ ನಗರಗಳಲ್ಲಿ ಅಧಿಕ ವೋಲ್ಟೇಜ್ ಕೆಲಸದ ಒಂದೇ ಒಂದು ಕೋರ್ಸಿನಿಂದ ಶುರು ಮಾಡಲಿ. ಪರಿಶೀಲನಾ ತಂಡದಲ್ಲಿ ಅರ್ಧದಷ್ಟು ಜನ ಸ್ವತಂತ್ರ ಗ್ಯಾರೇಜಿನವರಿರಲಿ. ತಂಡದಲ್ಲಿರುವವರು ಯಾರೂ ತರಬೇತಿ ಮಾರುವವರಾಗಿರಬಾರದು. ಮಾನ್ಯತೆ ಮೂರು ವರ್ಷಕ್ಕೆ ಮುಗಿಯಲಿ. ನವೀಕರಿಸುವ ಮುನ್ನ, ಕಲಿತು ಹೋದ ಕೆಲವರ ಗ್ಯಾರೇಜಿಗೆ ಹೇಳದೆ ಕೇಳದೆ ಹೋಗಿ ಅವರು ಕೆಲಸ ಮಾಡುವ ಬಗೆ ನೋಡಿ ಬರಲಿ. ಮಾನ್ಯತೆ ಪಡೆದವರ, ಕಳೆದುಕೊಂಡವರ ಪಟ್ಟಿಯನ್ನು ಗುಜರಾತಿಯಲ್ಲಿ ಆರ್‌ಟಿಒ ಕಚೇರಿಯ ಹೊರಗೆ, ಡ್ರೈವಿಂಗ್ ಸ್ಕೂಲ್‌ಗಳ ಪಟ್ಟಿಯ ಪಕ್ಕದಲ್ಲೇ ಹಚ್ಚಲಿ.