ಹೆರಿಗೆಯನ್ನು ಮುಂದೂಡಲಾಗದು

ಕೋವಿಡ್ ತಡೆಯಲೆಂದು 2020ರ ಮಾರ್ಚ್ 25ರಂದು ದೇಶವಿಡೀ ಲಾಕ್‌ಡೌನ್ ಆದಾಗ ಆಸ್ಪತ್ರೆಗಳು ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಂಥವನ್ನು ಮುಂದಕ್ಕೆ ಹಾಕಿದವು. ದಿನ ತುಂಬಿದ ಬಸುರಿಗೆ ಆ ಅವಕಾಶವಿಲ್ಲ. ಆದರೂ ಮನೆಗೆ ಬಂದು ವಿಚಾರಿಸಿ, ತಾಯಿ ಕಾರ್ಡ್ ಮಾಡಿಸಿ, ತಪಾಸಣೆಗೆ ಕರೆದೊಯ್ಯುತ್ತಿದ್ದ ಆಶಾ ಕಾರ್ಯಕರ್ತೆಯನ್ನೇ ನಾವು ಸೋಂಕಿನ ಸಮೀಕ್ಷೆಗೂ ಕ್ವಾರಂಟೈನ್ ನಿಗಾಕ್ಕೂ ಹಚ್ಚಿದೆವು. ತಲಪಾಡಿಯಲ್ಲಿ ಕರ್ನಾಟಕ–ಕೇರಳ ಗಡಿ ಮುಚ್ಚಿದ್ದರಿಂದ ಕಾಸರಗೋಡಿನ ಜನರಿಗೆ ಹತ್ತಿರದ ದೊಡ್ಡ ಆಸ್ಪತ್ರೆಗಳಿರುವ ಮಂಗಳೂರು ಏಕಾಏಕಿ ದೂರವಾಯಿತು. ತುರ್ತು ಚಿಕಿತ್ಸೆಗೆ ಬರುವ ವಾಹನಗಳಿಗೆ ದಾರಿ ಬಿಡಿಸಲು ಕೇರಳ ಹೈಕೋರ್ಟ್ ಮಧ್ಯಪ್ರವೇಶಿಸಬೇಕಾಯಿತು. ಕೋವಿಡ್ ಪರೀಕ್ಷೆಯ ವರದಿ ಇಲ್ಲವೆಂದು ಹೆರಿಗೆಯನ್ನು ತಡಮಾಡಬಾರದು ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮೇ 18ರಂದು ಬರೆದು ಹೇಳಬೇಕಾಗಿ ಬಂತು. ಮೊದಲ ದಿನವೇ ಎಲ್ಲ ಆಸ್ಪತ್ರೆಗಳ ಬಾಗಿಲಲ್ಲಿ ಇರಬೇಕಿದ್ದ ಮಾತು ಅದು.

ಹೆರಿಗೆ ಸೇವೆ ಹೀಗೆ ಅಸ್ತವ್ಯಸ್ತವಾದರೆ ತೆರಬೇಕಾದ ಬೆಲೆ ಎಷ್ಟೆಂಬುದಕ್ಕೆ ನೇಪಾಳದಲ್ಲಿ ಗಟ್ಟಿ ಸಾಕ್ಷ್ಯವಿದೆ. ಅಲ್ಲಿನ ಒಂಬತ್ತು ಆಸ್ಪತ್ರೆಗಳಲ್ಲಿ ಲಾಕ್‌ಡೌನ್ ವೇಳೆ ಹೆರಿಗೆಗಳು ಅರ್ಧಕ್ಕಿಂತ ಕೆಳಗಿಳಿದವು. ಸತ್ತು ಹುಟ್ಟುವ ಶಿಶುಗಳ ಪ್ರಮಾಣ ಸಾವಿರ ಹೆರಿಗೆಗೆ 14ರಿಂದ 21ಕ್ಕೆ ಏರಿತು. ಆಸ್ಪತ್ರೆ ಮುಟ್ಟಿದವರಿಗೂ ಪೂರ್ತಿ ಆರೈಕೆ ಸಿಗಲಿಲ್ಲ. ಹೆರಿಗೆ ನೋವಿನ ವೇಳೆ ಮಗುವಿನ ಎದೆಬಡಿತ ನೋಡುವುದೇ ಕಡಿಮೆಯಾಗಿತ್ತು. ಯಾವ ದುಬಾರಿ ಯಂತ್ರವೂ ಬೇಡದ ಕೆಲಸವದು, ಪಕ್ಕದಲ್ಲಿ ಒಬ್ಬ ನರ್ಸ್ ಇದ್ದರೆ ಸಾಕು. ಅದಕ್ಕೂ ಮೊದಲು ಸಿಯೆರಾ ಲಿಯೋನ್‌ನಲ್ಲಿ ಎಬೋಲಾ ಹಬ್ಬಿದಾಗ, ಸೇವೆ ಕುಸಿದದ್ದರಿಂದಲೇ 2014–15ರಲ್ಲಿ ತಾಯಂದಿರ ಹಾಗೂ ನವಜಾತ ಶಿಶುಗಳ ಸಾವು ಮತ್ತು ಮೃತಜನನ ಸೇರಿ ಕನಿಷ್ಠ 3,600 ಹೆಚ್ಚಿದವೆಂದು ಸಂಶೋಧಕರು ಅಂದಾಜಿಸಿದ್ದರು. ಎಬೋಲಾದಿಂದಲೇ ಅಲ್ಲಿ ಸತ್ತವರ ಸಂಖ್ಯೆ ಸುಮಾರು ನಾಲ್ಕು ಸಾವಿರ. ಎಚ್ಚರಿಕೆ ನಮ್ಮ ಕಣ್ಣೆದುರೇ ಇತ್ತು.

ಭಾರತದಲ್ಲಿ ತಾಯಂದಿರ ಮರಣ ಪ್ರಮಾಣ ಲಕ್ಷ ಜೀವಂತ ಜನನಕ್ಕೆ 97ರಿಂದ 2019–21ರಲ್ಲಿ 93ಕ್ಕೆ ಇಳಿದಿದೆಯಲ್ಲ ಎಂದು ಕೇಳಬಹುದು. ಇಳಿದದ್ದು ನಿಜ, ದಶಕಗಳ ದುಡಿಮೆಯ ಫಲ. ಆದರೆ ಅದು ಮೂರು ವರ್ಷಗಳನ್ನು ಒಟ್ಟುಗೂಡಿಸಿದ ಲೆಕ್ಕ. ಕೆಲವು ತಿಂಗಳ ಸಂಕಟ ಅದರಲ್ಲಿ ಕರಗಿಹೋಗುತ್ತದೆ, ಸತ್ತು ಹುಟ್ಟಿದ ಮಗು ಅದರಲ್ಲಿ ಸೇರುವುದೇ ಇಲ್ಲ. ಇನ್ನು ಫೋನಿನಲ್ಲೇ ಸಲಹೆ ಕೊಡಬಹುದೆಂಬ ವಾದ: ಕಬ್ಬಿಣದ ಮಾತ್ರೆ ನೆನಪಿಸಲು ಫೋನು ಸಾಕು, ಏರುತ್ತಿರುವ ರಕ್ತದೊತ್ತಡ ಅಳೆಯಲು, ಹೆರಿಗೆಯ ನಂತರದ ರಕ್ತಸ್ರಾವ ನಿಲ್ಲಿಸಲು ಕೈ ಬೇಕು.

ತೂಕವಿರುವ ಆಕ್ಷೇಪ ಒಂದೇ: ಸೋಂಕಿತರು ಉಸಿರಿಗಾಗಿ ಪರದಾಡುವಾಗ ಇರುವ ಸಿಬ್ಬಂದಿಯನ್ನೆಲ್ಲ ಅತ್ತ ಕಳಿಸದೆ ಬೇರೆ ದಾರಿ ಏನಿತ್ತು? ಸಿಬ್ಬಂದಿ ಕೊರತೆ ನಿಜವೇ. ಆದರೆ ಸಮೀಕ್ಷೆಯ ಹಾಳೆ ತುಂಬಲು ಬೇರೆಯವರನ್ನು ಒಂದೆರಡು ದಿನದಲ್ಲಿ ತಯಾರು ಮಾಡಬಹುದು, ಹೆರಿಗೆ ಮಾಡಿಸುವ ನರ್ಸನ್ನು ಹಾಗೆ ತಯಾರು ಮಾಡಲಾಗದು. ಅದಕ್ಕೇ ಯಾರನ್ನು ಎಲ್ಲಿ ಉಳಿಸಬೇಕೆಂಬ ನಿರ್ಧಾರವನ್ನು ಗಾಬರಿಯ ಹೊತ್ತಿಗೆ ಬಿಡದೆ ಈಗಲೇ ಮಾಡಬೇಕು. ಪ್ರತಿ ತಾಲ್ಲೂಕಿನಲ್ಲೂ ಹೆರಿಗೆಗೆಂದೇ ಉಳಿಯುವ ಆಸ್ಪತ್ರೆ ಯಾವುದು, ಅಲ್ಲಿಂದ ಕದಲಿಸಬಾರದ ನರ್ಸ್, ಅರಿವಳಿಕೆ ತಜ್ಞರು ಯಾರು, ಸೋಂಕಿತ ಗರ್ಭಿಣಿಯ ಹೆರಿಗೆ ಎಲ್ಲಿ, ಗಡಿ ಮುಚ್ಚಿದರೂ ತಡೆಯಬಾರದ ಆಂಬುಲೆನ್ಸ್ ಯಾವುದು ಎಂಬುದೆಲ್ಲ ಜಿಲ್ಲಾಡಳಿತದ ಆದೇಶದಲ್ಲಿ ಮೊದಲೇ ಬರೆದಿರಬೇಕು. ಆ ಪಟ್ಟಿ ಆಶಾ ಕಾರ್ಯಕರ್ತೆಯ ಕೈಯಲ್ಲೂ ಇರಬೇಕು.