ಕಾರಿನ ಜಾತಕ ನೋಡುವ ಕಾನೂನು

ಹುಡುಗ ಹುಡುಗಿಯ ಗುಣವನ್ನು ವಿಚಾರಿಸುವ ಮೊದಲೇ ಜಾತಕ ಕೇಳುವವರ ಕುರಿತು ಹಿಂದೊಮ್ಮೆ ಈ ಪುಟದಲ್ಲಿ ಬರೆದಾಗ ಬಂಧುಗಳಲ್ಲಿ ಕೆಲವರು ಮುನಿಸಿಕೊಂಡಿದ್ದರು. ಹುಟ್ಟಿದ ದಿನಾಂಕದಿಂದ ಯೋಗ್ಯತೆಯನ್ನು ಅಳೆಯುವುದು ಅವೈಜ್ಞಾನಿಕ ಎಂಬ ನನ್ನ ಮಾತನ್ನು ನಾನು ಹಿಂತೆಗೆದುಕೊಂಡಿಲ್ಲ. ಇಂದು ಅದೇ ಮಾತನ್ನು ಅಮೆರಿಕ ಸಂಯುಕ್ತ ಸಂಸ್ಥಾನದ ಸರಕಾರಕ್ಕೆ ಹೇಳಬೇಕಾಗಿ ಬಂದಿದೆ. ಚಂದ್ರನ ಮೇಲೆ ಮನುಷ್ಯನನ್ನು ಇಳಿಸಿದ ಆ ದೇಶ, ಜಪಾನಿನಿಂದ ಬರುವ ಕಾರೊಂದನ್ನು ಒಳಗೆ ಬಿಡಬೇಕೇ ಬೇಡವೇ ಎಂಬುದನ್ನು ತೀರ್ಮಾನಿಸಲು ಆ ಕಾರಿನ ಬ್ರೇಕನ್ನು ಒತ್ತಿ ನೋಡುವುದಿಲ್ಲ, ಹೊಗೆಯನ್ನು ಅಳೆಯುವುದಿಲ್ಲ. ಅದರ ಜನ್ಮದಿನವನ್ನು ಕೇಳುತ್ತದೆ.

ಈ ವಿಷಯ ನನ್ನ ತಲೆಗೆ ಹೊಕ್ಕದ್ದು ಹಳೆಯ ವಿದ್ಯಾರ್ಥಿಯೊಬ್ಬನ ಪತ್ರದಿಂದ. ತೊಂಬತ್ತರ ದಶಕದಲ್ಲಿ ನನ್ನಲ್ಲಿ ಭೌತಶಾಸ್ತ್ರ ಕಲಿತ ಹುಡುಗ. ಈಗ ಅಮೆರಿಕದಲ್ಲಿ ಉದ್ಯೋಗಿ, ಇಬ್ಬರು ಮಕ್ಕಳ ತಂದೆ. ಚಿಕ್ಕಂದಿನಿಂದಲೂ ಯಂತ್ರಗಳ ಹುಚ್ಚು. ಕೆಲವು ವರ್ಷಗಳ ಹಿಂದೆ ತನ್ನ ಉಳಿತಾಯದ ಬಹುಭಾಗವನ್ನು ಸುರಿದು, ಬೇರೊಂದು ರಾಜ್ಯದ ಮಾರಾಟಗಾರನಿಂದ ನಿಸ್ಸಾನ್ ಸ್ಕೈಲೈನ್ ಆರ್34 ಕಾರನ್ನು ಕೊಂಡ. ಕಾಗದಪತ್ರ ಇತ್ತು, ರಾಜ್ಯದ ನೋಂದಣಿ ಇತ್ತು, ನಂಬರ್ ಪ್ಲೇಟೂ ಇತ್ತು. ಎರಡು ವರ್ಷ ಓಡಿಸಿದ ಮೇಲೆ ಫೆಡರಲ್ ಅಧಿಕಾರಿಗಳ ನೋಟೀಸು ಬಂತು. ಕಾರು ದೇಶದೊಳಗೆ ಬಂದದ್ದೇ ಅಕ್ರಮ, ದೇಶದಿಂದ ಹೊರಗೆ ಕಳುಹಿಸು, ಇಲ್ಲವೇ ನಮಗೆ ಒಪ್ಪಿಸು ಎಂದು. ಮಾರಿದವನು ಆ ಕಾರನ್ನು ಬಿಡಿಭಾಗಗಳಿಂದ ಮನೆಯಲ್ಲೇ ಜೋಡಿಸಿದ್ದು ಎಂದು ಸುಳ್ಳು ದಾಖಲೆ ಮಾಡಿಸಿದ್ದನಂತೆ. ಅವನು ಆ ಹೊತ್ತಿಗೆ ಅಂಗಡಿ ಮುಚ್ಚಿ ಕಣ್ಮರೆಯಾಗಿದ್ದ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ.

ಹುಡುಗ ಬರೆದ ಒಂದು ವಾಕ್ಯ ನನ್ನನ್ನು ಬಿಡುತ್ತಿಲ್ಲ. “ಸರ್, ನೀವು ಪರೀಕ್ಷೆ ಮಾಡಿ ಫೇಲು ಮಾಡುತ್ತಿದ್ದಿರಿ, ಅದಕ್ಕೆ ದುಃಖವಿರಲಿಲ್ಲ. ಇವರು ಪರೀಕ್ಷೆಯನ್ನೇ ಮಾಡಲಿಲ್ಲ.”

ಕಾರುಗಳ ಪರಿಚಯವಿಲ್ಲದ ನನ್ನಂಥವರಿಗಾಗಿ ಎರಡು ಮಾತು. ಸ್ಕೈಲೈನ್ ಎಂಬುದು ಜಪಾನಿನಲ್ಲಿ ಬಹುಕಾಲದಿಂದ ಬಂದ ಹೆಸರು. ಅದರಲ್ಲಿ ಜಿಟಿ-ಆರ್ ಎಂಬ ಪ್ರಬಲ ಆವೃತ್ತಿ 1989ರಲ್ಲಿ ಆರ್32 ಆಗಿ, 1995ರಲ್ಲಿ ಆರ್33 ಆಗಿ, 1999ರಲ್ಲಿ ಆರ್34 ಆಗಿ ಬಂತು. ಮೂರರಲ್ಲೂ 2.6 ಲೀಟರಿನ, ಆರು ಸಿಲಿಂಡರಿನ, ಎರಡು ಟರ್ಬೊ ಇರುವ ಎಂಜಿನ್. ಆಗಿನ ಜಪಾನೀ ತಯಾರಕರೆಲ್ಲ 280 ಅಶ್ವಶಕ್ತಿಗಿಂತ ಹೆಚ್ಚು ಹೇಳಿಕೊಳ್ಳಬಾರದೆಂದು ತಮ್ಮತಮ್ಮಲ್ಲೇ ಒಪ್ಪಂದ ಮಾಡಿಕೊಂಡಿದ್ದರು; 2004ರವರೆಗೂ ಅದು ನಡೆಯಿತು. ಕಾಗದದ ಮೇಲಿನ ವಿನಯ ಅದು, ಎಂಜಿನ್ನಿಗೆ ಅನ್ವಯಿಸುತ್ತಿರಲಿಲ್ಲ! 2003ರ ಒಂದು ಹಾಲಿವುಡ್ ಚಿತ್ರದಲ್ಲಿ ಆರ್34 ಕಾಣಿಸಿಕೊಂಡ ಮೇಲಂತೂ ಅಮೆರಿಕದ ತರುಣರಿಗೆ ಅದು ಕನಸಿನ ಕಾರಾಯಿತು. ಆದರೆ ನಿಸ್ಸಾನ್ ಈ ಮೂರರಲ್ಲಿ ಒಂದನ್ನೂ ಅಮೆರಿಕದಲ್ಲಿ ಮಾರಲಿಲ್ಲ.

ಹಾಗಾದರೆ ತಂದುಕೊಳ್ಳಬಹುದಲ್ಲ ಎಂದರೆ, ಅಲ್ಲಿಯೇ ಜಾತಕ ಅಡ್ಡ ಬರುವುದು. ಅಮೆರಿಕದ ಸುರಕ್ಷತಾ ಮಾನದಂಡಗಳಿಗೆ ತಯಾರಾಗದ ಕಾರು ತಯಾರಿಕೆಯ ತಿಂಗಳಿಂದ 25 ವರ್ಷ ತುಂಬಿದ್ದರೆ ಆ ಮಾನದಂಡಗಳ ಪ್ರಶ್ನೆಯೇ ಇಲ್ಲದೆ ಒಳಗೆ ಬರಬಹುದು. ತುಂಬದಿದ್ದರೆ, ನಾನು ಮುಂದೆ ಹೇಳಲಿರುವ ಸೂಜಿಕಣ್ಣಿನ ದಾರಿಯೊಂದನ್ನು ಬಿಟ್ಟರೆ, ಬಾಗಿಲು ಮುಚ್ಚಿದೆ. ಮಾಲಿನ್ಯದ ವಿಷಯದಲ್ಲಿ ಪರಿಸರ ಇಲಾಖೆಯ ಲೆಕ್ಕ 21 ವರ್ಷ. ಗಡಿ ದಾಟಿ ಕೆನಡಾಕ್ಕೆ ಹೋದರೆ 15 ವರ್ಷ. ಅದೇ ಕಾರು, ಅದೇ ಹಿಮ, ಅದೇ ಬಗೆಯ ರಸ್ತೆ. ಹದಿನೈದು ಸಾಕೆಂದು ಒಂದು ದೇಶಕ್ಕೆ, ಇಪ್ಪತ್ತೈದೇ ಬೇಕೆಂದು ಇನ್ನೊಂದು ದೇಶಕ್ಕೆ ಯಾವ ಪ್ರಯೋಗಾಲಯ ಹೇಳಿತು?

ನಾನೊಂದು ಶಾಲೆ ತೆರೆದು ಹೀಗೆ ನಿಯಮ ಮಾಡಿದೆನೆಂದು ಊಹಿಸಿಕೊಳ್ಳಿ: ಇಪ್ಪತ್ತೈದು ವರ್ಷ ತುಂಬಿದವರೆಲ್ಲ ಎಸ್ಸೆಸ್ಸೆಲ್ಸಿ ಪಾಸು, ಉಳಿದವರು ಪರೀಕ್ಷೆಗೆ ಕೂರುವಂತೆಯೂ ಇಲ್ಲ. ನನ್ನನ್ನು ಮೇಷ್ಟ್ರೆಂದು ಯಾರಾದರೂ ಕರೆಯುತ್ತಿದ್ದರೇ? ಆರಂಭದ ಆರ್32ಗಳಲ್ಲಿ ಏರ್‌ಬ್ಯಾಗ್ ಇರಲಿಲ್ಲ. ಅವಕ್ಕೆ 2014ರ ಆಗಸ್ಟ್‌ನಿಂದ ಸ್ವಾಗತ. ಆರ್34ರಲ್ಲಿ ಚಾಲಕನಿಗೂ ಪಕ್ಕದವನಿಗೂ ಏರ್‌ಬ್ಯಾಗ್ ಇತ್ತು, ಹತ್ತು ವರ್ಷದ ಅನುಭವದಿಂದ ತಿದ್ದಿದ ದೇಹವಿತ್ತು. ಅದಕ್ಕೆ 2024ರ ಜನವರಿಯವರೆಗೆ ಪ್ರವೇಶವಿರಲಿಲ್ಲ. 2002ರ ಆಗಸ್ಟ್‌ನಲ್ಲಿ ತಯಾರಾದ ಕೊನೆಯ ಕಾರುಗಳಿಗೆ 2027ರ ಆಗಸ್ಟ್‌ವರೆಗೆ ಇಲ್ಲ. ಸುರಕ್ಷತೆ ಹೆಚ್ಚಾದಷ್ಟೂ ಪ್ರವೇಶ ದೂರವಾಗುವ ಕಾನೂನಿಗೆ ಸುರಕ್ಷತಾ ಕಾನೂನು ಎಂದು ಹೆಸರು! ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೆ ಗತಿಯಿಲ್ಲ.

ಈ ಕಾನೂನು ಹುಟ್ಟಿದ ಬಗೆಯನ್ನು ತಿಳಿದರೆ ಆಶ್ಚರ್ಯ ಕಡಿಮೆಯಾಗುತ್ತದೆ. 1980ರ ದಶಕದಲ್ಲಿ ಡಾಲರು ಬಲವಾಗಿತ್ತು. ಜರ್ಮನಿಯಲ್ಲಿ ಮರ್ಸಿಡಿಸ್ ಬೆಂಜ್ ಕೊಂಡು, ಹಡಗಿನಲ್ಲಿ ತರಿಸಿ, ಬದಲಾವಣೆ ಮಾಡಿಸಿದರೂ ಅಮೆರಿಕದ ಅಂಗಡಿಯ ಬೆಲೆಗಿಂತ ಅಗ್ಗವಾಗುತ್ತಿತ್ತು. ದಶಕದ ನಡುವಿನಲ್ಲಿ ವರ್ಷಕ್ಕೆ ಅರವತ್ತು ಸಾವಿರಕ್ಕೂ ಮೀರಿ ಕಾರುಗಳು ಹೀಗೆ ಬಂದವು. ಬದಲಾವಣೆ ಮಾಡುವ ಗ್ಯಾರೇಜುಗಳಲ್ಲಿ ಕೆಲವು ಕಳಪೆ ಕೆಲಸ ಮಾಡಿದ್ದು ನಿಜ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಶಾಸನಸಭೆಯ ಮೇಲೆ ಒತ್ತಡ ತಂದವರಲ್ಲಿ ಮುಂಚೂಣಿಯಲ್ಲಿದ್ದದ್ದು ಬೆಂಜಿನ ಅಮೆರಿಕ ಶಾಖೆ ಮತ್ತು ಅದರ ಮಾರಾಟಗಾರರು. ಕಳಪೆ ಗ್ಯಾರೇಜುಗಳನ್ನು ಮುಚ್ಚಿಸುವುದರ ಬದಲು 1988ರ ಕಾಯಿದೆಯಿಂದ ದಾರಿಯನ್ನೇ ಮುಚ್ಚಲಾಯಿತು. ಜರ್ಮನ್ ಕಾರುಗಳ ವ್ಯಾಪಾರಕ್ಕಾಗಿ ಹೆಣೆದ ಬೇಲಿಗೆ ಜಪಾನೀ ಕಾರುಗಳ ಹುಚ್ಚಿನ ನಮ್ಮ ಹುಡುಗ ಸಿಕ್ಕಿಕೊಂಡ.

ಸೂಜಿಕಣ್ಣಿನ ದಾರಿ ಎಂದೆನಲ್ಲ, ಅದು ಹೀಗಿದೆ. ಸರಕಾರದಲ್ಲಿ ನೋಂದಾಯಿತನಾದ ಆಮದುದಾರನ ಮೂಲಕ ಹೋಗಬೇಕು. ಹೆದ್ದಾರಿ ಸುರಕ್ಷತಾ ಸಂಸ್ಥೆಯಾದ ಎನ್‌ಎಚ್‌ಟಿಎಸ್‌ಎ ಆ ಮಾದರಿಯನ್ನು ತಿದ್ದಿ ಅರ್ಹಗೊಳಿಸಬಹುದೆಂದು ಒಪ್ಪಬೇಕು. ಅಮೆರಿಕದಲ್ಲಿ ಮಾರಾಟವಾದ ಅದರ ಹೋಲಿಕೆಯ ಕಾರು ಇಲ್ಲದಿದ್ದರೆ ಡಿಕ್ಕಿ ಹೊಡೆಸಿದ ಪರೀಕ್ಷೆಯ ಪುರಾವೆ ಬೇಕಾಗುತ್ತದೆ. ಅಂದರೆ ಒಂದು ಕಾರನ್ನು ತರಲು ಮೊದಲು ಕೆಲವು ಕಾರುಗಳನ್ನು ಗೋಡೆಗೆ ಅಪ್ಪಳಿಸಿ ಪುಡಿಮಾಡಬೇಕು. ತೊಂಬತ್ತರ ದಶಕದ ಕೊನೆಯಲ್ಲಿ ಕ್ಯಾಲಿಫೋರ್ನಿಯದ ಸಂಸ್ಥೆಯೊಂದು ಆರ್33 ಕಾರುಗಳನ್ನು ನಿಜವಾಗಿಯೇ ಹೀಗೆ ಪರೀಕ್ಷಿಸಿ ಒಪ್ಪಿಗೆ ಪಡೆಯಿತು. ಸರಕಾರ ಅದೇ ಆಧಾರದ ಮೇಲೆ 1990ರಿಂದ 1999ರವರೆಗಿನ ಸ್ಕೈಲೈನುಗಳಿಗೆಲ್ಲ ಒಪ್ಪಿಗೆ ಕೊಟ್ಟು, ಕೆಲವು ವರ್ಷಗಳ ನಂತರ ಎಚ್ಚೆತ್ತು, 1996ರ ಜನವರಿಯಿಂದ 1998ರ ಜೂನ್‌ವರೆಗಿನ ಆರ್33ಗಳಿಗೆ ಮಾತ್ರ ಎಂದು ಕುಗ್ಗಿಸಿತು. ಆ ಸಂಸ್ಥೆಯೂ 2000ದ ದಶಕದ ನಡುವಿನಲ್ಲೇ ಮುಳುಗಿಹೋಯಿತು.

ಇಲ್ಲಿ ನನಗೆ ಅತ್ಯಂತ ಅನ್ಯಾಯವಾಗಿ ಕಾಣುವುದು ಇನ್ನೊಂದು ಸಂಗತಿ. ಅಮೆರಿಕದಲ್ಲಿ ಕಾರು ತಯಾರಿಸುವ ಕಂಪನಿಗಳು ಸುರಕ್ಷತೆಯ ವಿಷಯದಲ್ಲಿ ಮಾರಾಟಕ್ಕೆ ಮುಂಚೆ ಸರಕಾರದಿಂದ ಒಪ್ಪಿಗೆ ಪಡೆಯಬೇಕಿಲ್ಲ. ತಮ್ಮ ಕಾರು ಸುರಕ್ಷತಾ ಮಾನದಂಡಗಳಿಗೆ ಸರಿಯಾಗಿದೆಯೆಂದು ತಾವೇ ಪ್ರಮಾಣಪತ್ರ ಅಂಟಿಸುತ್ತವೆ. ತಪಾಸಣೆ ಆಮೇಲೆ. ಜಪಾನಿನಲ್ಲಿ ಹಾಗಲ್ಲ: ಮಾದರಿಯನ್ನು ಸರಕಾರವೇ ಪರೀಕ್ಷಿಸಿ ಒಪ್ಪುತ್ತದೆ; ಕಾರು ರಸ್ತೆಗಿಳಿದ ಮೇಲೆ ಮೂರನೆಯ ವರ್ಷ, ಆನಂತರ ಎರಡು ವರ್ಷಕ್ಕೊಮ್ಮೆ ‘ಶಾಕೆನ್’ ಎಂಬ ಕಡ್ಡಾಯ ತಪಾಸಣೆಗೆ ಮಾಲೀಕ ಕಾರನ್ನು ಒಡ್ಡಬೇಕು. ಹೀಗೆ ಪದೇ ಪದೇ ಪರೀಕ್ಷೆ ಬರೆದು ಪಾಸಾದವನಿಗೆ ಪ್ರವೇಶವಿಲ್ಲ, ತನ್ನ ಉತ್ತರಪತ್ರಿಕೆಗೆ ತಾನೇ ಅಂಕ ಹಾಕಿಕೊಂಡವನಿಗೆ ಪ್ರವೇಶ!

ದೊಡ್ಡವರಿಗೆ ಕಿಟಕಿ ತೆರೆಯಿತೆನ್ನುವುದನ್ನೂ ಹೇಳಬೇಕು. ಬಿಲ್ ಗೇಟ್ಸ್ ಅವರ ಪೋರ್ಷೆ 959 ಕಾರು ಇದೇ ನಿಯಮಗಳಿಂದಾಗಿ ಸುಂಕದ ಇಲಾಖೆಯ ವಶದಲ್ಲಿ ವರ್ಷಗಟ್ಟಲೆ ಕುಳಿತಿತ್ತು. 1999ರಲ್ಲಿ ‘ಪ್ರದರ್ಶನಕ್ಕಾಗಿ’ ಎಂಬ ವಿನಾಯಿತಿ ಜಾರಿಗೆ ಬಂತು. ಅಪರೂಪದ, ಇತಿಹಾಸದಲ್ಲಿ ಅಥವಾ ತಂತ್ರಜ್ಞಾನದಲ್ಲಿ ಮಹತ್ವದ ಕಾರಾದರೆ ತಂದು, ವರ್ಷಕ್ಕೆ 2,500 ಮೈಲಿ ಓಡಿಸಬಹುದು. ಅತಿ ದುಬಾರಿಯ ಕಾರು 2,500 ಮೈಲಿಯವರೆಗೆ ಅಪಾಯಕಾರಿಯಲ್ಲ ಎಂಬುದು ಭೌತಶಾಸ್ತ್ರದ ಯಾವ ನಿಯಮ, ನನಗೆ ತಿಳಿಯದು.

ಇನ್ನು ಇಪ್ಪತ್ತೈದು ತುಂಬಿದ ಮೇಲಾದರೂ ನೆಮ್ಮದಿಯೇ? ನೋಂದಣಿ ಮಾಡುವುದು ರಾಜ್ಯಗಳು. ಜಪಾನಿನ ಪುಟ್ಟ ‘ಕೇ’ ಟ್ರಕ್ಕುಗಳನ್ನು ಫೆಡರಲ್ ಸರಕಾರ ವಯಸ್ಸು ನೋಡಿ ಒಳಗೆ ಬಿಟ್ಟರೂ ಹಲವು ರಾಜ್ಯಗಳು ನೋಂದಣಿ ನಿರಾಕರಿಸಿದವು, ಕೊಟ್ಟದ್ದನ್ನೂ ಕಿತ್ತುಕೊಂಡವು. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ. ಟೆಕ್ಸಾಸ್ ರಾಜ್ಯ, ಮಾಲೀಕರು ಗಟ್ಟಿಯಾಗಿ ಕೂಗಾಡಿದ ಮೇಲೆ 2024ರಲ್ಲಿ ಮನಸ್ಸು ಬದಲಿಸಿತು. ನಮ್ಮ ಹುಡುಗನ ಪಾಡು ಇದರ ತಿರುವುಮುರುವು: ಪೂಜಾರಿ ಪ್ರಸಾದ ಕೊಟ್ಟ, ದೇವರು ಕಿತ್ತುಕೊಂಡ.

ಇಷ್ಟು ಓದಿ, ‘ಮೇಷ್ಟ್ರು ನಮ್ಮ ಪಕ್ಷ’ ಎಂದು ಚಪ್ಪಾಳೆ ತಟ್ಟುವ ಕಾರುಪ್ರಿಯ ಶಿಷ್ಯರಿಗೆ ಈಗ ಒಂದು ಮಾತು. ಎಲ್ಲ ನಿಯಮವೂ ಅಧಿಕಾರಿಗಳ ಕಿರುಕುಳ, ಯಾರ ಕಾರು ಅವರ ಇಷ್ಟ ಎಂಬ ನಿಮ್ಮ ವಾದವನ್ನು ನಾನು ಒಪ್ಪುವುದಿಲ್ಲ. ಟಕಾಟಾ ಏರ್‌ಬ್ಯಾಗುಗಳ ಕಥೆ ನಿಮಗೆ ಗೊತ್ತಿರಬೇಕು. ಅವುಗಳಲ್ಲಿ ಅನಿಲ ಹುಟ್ಟಿಸಲು ಅಮೋನಿಯಂ ನೈಟ್ರೇಟ್ ಬಳಸಿದ್ದರು. ವರ್ಷಗಟ್ಟಲೆ ತೇವ ಮತ್ತು ಉಷ್ಣದ ಏರಿಳಿತಕ್ಕೆ ಸಿಕ್ಕಿ ಅದು ಕೆಡುತ್ತದೆ. ಆಮೇಲೆ ಉರಿಯುವಾಗ ಹದ ಮೀರಿ, ಲೋಹದ ಡಬ್ಬಿಯನ್ನೇ ಸಿಡಿಸುತ್ತದೆ. ಪ್ರಾಣ ಉಳಿಸಬೇಕಾದದ್ದು ಚೂರುಗಳಾಗಿ ಕತ್ತಿಗೆ ನಾಟಿತು. ಅಮೆರಿಕದಲ್ಲೇ ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು. ಕಂಪನಿ 2017ರಲ್ಲಿ ದಿವಾಳಿಯಾಯಿತು. ಏರ್‌ಬ್ಯಾಗ್ ಬದಲಿಸಿಕೊಳ್ಳಿ ಎಂಬ ಸೂಚನೆ ಹೋಗುವುದು ದಾಖಲೆಯಲ್ಲಿರುವ ಮಾಲೀಕನ ವಿಳಾಸಕ್ಕೆ. ಜಪಾನಿನ ಹರಾಜಿನಲ್ಲಿ ಕೊಂಡು ಸಮುದ್ರ ದಾಟಿಸಿದ ಕಾರಿನ ಹೊಸ ಮಾಲೀಕನನ್ನು ಹುಡುಕಿಕೊಂಡು ಯಾರೂ ತಾವಾಗಿ ಬರುವುದಿಲ್ಲ. ಹೆಡ್‌ಲೈಟಿನ ವಿಷಯವೂ ಹಾಗೆಯೇ. ಜಪಾನಿನಲ್ಲಿ ನಮ್ಮಂತೆ ಎಡಬದಿಯ ಸಂಚಾರ, ದೀಪದ ಕಿರಣ ಎಡ ಅಂಚಿಗೆ ಏರುವಂತೆ ಇರುತ್ತದೆ. ಬಲಬದಿಯಲ್ಲಿ ಓಡುವ ಅಮೆರಿಕದಲ್ಲಿ ಅದೇ ಕಿರಣ ಎದುರು ಬರುವವನ ಕಣ್ಣಿಗೆ ಹೊಡೆಯುತ್ತದೆ. ಇಪ್ಪತ್ತೈದು ತುಂಬಿದ ಕಾರಿನಲ್ಲಿ ಈ ಎರಡನ್ನೂ ಗಡಿಯಲ್ಲಿ ಕೇಳುವವರಿಲ್ಲ. ಜಾತಕ ನೋಡುವ ಕಾನೂನಿನ ನಿಜವಾದ ದೋಷ ಇದು: ಕೇಳಬಾರದ್ದನ್ನು ಕೇಳಿ, ಕೇಳಬೇಕಾದ್ದನ್ನು ಕೈಬಿಡುತ್ತದೆ.

ಬೇರೆ ದಾರಿ ಇಲ್ಲವೆಂದೇನಲ್ಲ. ನ್ಯೂಜಿಲೆಂಡಿನ ರಸ್ತೆಗಳು ಜಪಾನಿನ ಹಳೆಯ ಕಾರುಗಳಿಂದಲೇ ತುಂಬಿವೆ. ಅಲ್ಲಿ ತಯಾರಿಕೆಯ ಮಾನದಂಡದ ದಾಖಲೆ ನೋಡುವುದಲ್ಲದೆ, ಪ್ರತಿಯೊಂದು ಕಾರನ್ನೂ ತಪಾಸಕ ಪರಿಶೀಲಿಸಿ, ತುಕ್ಕು, ಅಪಘಾತದ ಪೆಟ್ಟು ಎಲ್ಲವನ್ನೂ ಹುಡುಕಿ, ರಿಪೇರಿ ಆಗದೆ ಬಿಡುವುದಿಲ್ಲ. ಆಸ್ಟ್ರೇಲಿಯದಲ್ಲಿ 2021ರ ಜುಲೈನಿಂದ ಜಾರಿಯಲ್ಲಿರುವ ಹೊಸ ಕಾಯಿದೆಯಲ್ಲೂ 25 ವರ್ಷದ ಲೆಕ್ಕ ಇದೆ, ಆದರೆ ಅದಕ್ಕಿಂತ ಹೊಸದಾದ ವಿಶೇಷ ಕಾರುಗಳಿಗೂ ಬಾಗಿಲಿದೆ: ಮಾದರಿ ಸರಕಾರದ ಪಟ್ಟಿಯಲ್ಲಿರಬೇಕು, ಅನುಮತಿ ಪಡೆದ ಗ್ಯಾರೇಜಿನಲ್ಲಿ ತಿದ್ದಿಸಬೇಕು, ಬೇರೊಬ್ಬ ತಪಾಸಕ ಅದನ್ನು ನೋಡಿ ಒಪ್ಪಬೇಕು. ಬ್ರೇಕ್ ಪ್ಯಾಡು, ಗ್ಯಾಸ್ಕೆಟ್ಟಿನಲ್ಲಿ ಕಲ್ನಾರು ಇದ್ದರೆ ಬಂದರಿನಲ್ಲೇ ತಡೆ. ಖರ್ಚಿದೆ, ಕಾಯುವುದಿದೆ, ಗೊಣಗಾಟವಿದೆ. ಇರಲಿ, ಅಲ್ಲಿ ಪರೀಕ್ಷೆ ಇದೆ. ಅಮೆರಿಕದೊಳಗೇ ಕ್ಯಾಲಿಫೋರ್ನಿಯ 1975ರ ಈಚಿನ ಕಾರಿನ ಹೊಗೆಯನ್ನು ಪ್ರಯೋಗಾಲಯದಲ್ಲಿ ಅಳೆಯಿಸುತ್ತದೆ. ಅಲ್ಲಿನ ಶಿಷ್ಯರು ಅದನ್ನು ಶಪಿಸುತ್ತಾರೆ; ನಾನು ಅದರ ಪಕ್ಷ. ಅಳೆದ ಮೇಲೆ ಬೇಡವೆಂದರೆ ಅದು ತೀರ್ಪು.

ನಮ್ಮ ದೇಶವನ್ನು ಬಿಟ್ಟು ಮಾತಾಡಿದೆನೆಂಬ ಆಕ್ಷೇಪ ಬೇಡ. ಭಾರತದಲ್ಲಿ ಬಳಸಿದ ಕಾರನ್ನು ತರುವುದಾದರೆ ಅದು ಮೂರು ವರ್ಷಕ್ಕಿಂತ ಹಳೆಯದಿರಬಾರದು. ಸ್ಟಿಯರಿಂಗ್ ಬಲಗಡೆ ಇರಬೇಕು, ವೇಗಮಾಪಕ ಕಿಲೋಮೀಟರಿನಲ್ಲಿರಬೇಕು, ದೀಪ ಎಡಬದಿಯ ಸಂಚಾರಕ್ಕೆ ಹೊಂದಬೇಕು, ಮುಂಬಯಿಯ ಬಂದರಿನಲ್ಲೇ ಇಳಿಯಬೇಕು. ಸುಂಕದ ಮಾತು ಬೇರೆ. ಸ್ಟಿಯರಿಂಗು, ವೇಗಮಾಪಕ, ದೀಪ ಮೂರರಲ್ಲೂ ಜಪಾನಿನ ಕಾರು ನಮ್ಮ ರಸ್ತೆಗೆ ಬೀಗಕ್ಕೆ ಕೀಲಿಕೈ ಇದ್ದಂತೆ. ಆದರೂ ನಾಲ್ಕು ವರ್ಷದ, ಚೆನ್ನಾಗಿ ಸಾಕಿದ ಕಾರಿಗೆ ಇಲ್ಲಿ ಜಾಗವಿಲ್ಲ. ಕಂಡವರ ಹಳೆಯ ಗುಜರಿ ನಮ್ಮಲ್ಲಿ ಬಂದು ಬೀಳಬಾರದೆಂಬ ಕಾಳಜಿ ಅರ್ಥವಾಗುತ್ತದೆ; ಗುಜರಿಯನ್ನು ಗುರುತಿಸಲು ಪುಣೆಯಲ್ಲಿ ನಮ್ಮದೇ ವಾಹನ ಸಂಶೋಧನಾ ಸಂಸ್ಥೆ ಇರುವಾಗ ಪಂಚಾಂಗವೇಕೆ? ಅಲ್ಲಿ ಇಪ್ಪತ್ತೈದು ತುಂಬಬೇಕು, ಇಲ್ಲಿ ಮೂರು ಮೀರಬಾರದು. ನಡುವಿನ ಇಪ್ಪತ್ತೆರಡು ವರ್ಷ ಆ ಕಾರು ಎರಡೂ ದೇಶಗಳಿಗೆ ಅಸ್ಪೃಶ್ಯ.

ಅಮೆರಿಕದಲ್ಲಿದ್ದು ಇಂಥ ಕಾರು ಕೊಳ್ಳಲು ಹೊರಟಿರುವವರು ಇಷ್ಟು ಮಾಡಿ. ರಾಜ್ಯದ ನೋಂದಣಿ ಪತ್ರವನ್ನು ನಂಬಬೇಡಿ. ಅದು ಆಮದು ಸಕ್ರಮವೆಂಬುದಕ್ಕೆ ಪುರಾವೆಯಲ್ಲ. ಬಂದರಿನಲ್ಲಿ ಸಲ್ಲಿಸಿದ ಎಚ್‌ಎಸ್-7 ಎಂಬ ಸುರಕ್ಷತಾ ಘೋಷಣೆ, ಪರಿಸರ ಇಲಾಖೆಯ 3520-1 ನಮೂನೆ ಮತ್ತು ಸುಂಕ ಇಲಾಖೆಯ ಪ್ರವೇಶ ಪತ್ರ, ಮೂರರ ಪ್ರತಿಗಳನ್ನೂ ಕೇಳಿ. ಜಪಾನಿಗೆಂದು ತಯಾರಾದ ಕಾರಿನ ಫಲಕದ ಮೇಲೆ ಸಾಮಾನ್ಯವಾಗಿ ತಯಾರಿಕೆಯ ತಿಂಗಳು ಇರುವುದಿಲ್ಲ. ಷಾಸಿ ಸಂಖ್ಯೆಯಿಂದ ಅದನ್ನು ಪತ್ತೆಹಚ್ಚಬೇಕು. ಒಂದು ತಿಂಗಳು ಕಡಿಮೆಯಾದರೂ ಬಂದರಿನಲ್ಲಿ ನಿಲ್ಲಿಸುತ್ತಾರೆ. ‘ಬಿಡಿಭಾಗಗಳಿಂದ ಜೋಡಿಸಿದ್ದು’ ಎಂಬ ಮಾತು ಕಾಗದದಲ್ಲಿ ಎಲ್ಲಿಯಾದರೂ ಕಂಡರೆ ಅಲ್ಲಿಂದ ಎದ್ದು ಬನ್ನಿ. ನಮ್ಮ ಹುಡುಗನ ಕಾರು ಕೊನೆಗೆ ಏನಾಯಿತೆಂದು ಹಲವರು ಕೇಳಬಹುದು. ಹಡಗಿನ ಬಾಡಿಗೆಯನ್ನೂ ಕೈಯಿಂದಲೇ ತೆತ್ತು ಅವನು ಅದನ್ನು ಕೆನಡಾಕ್ಕೆ ಮಾರಿದ, ಕೊಂಡದ್ದರ ಅರ್ಧ ಬೆಲೆಗೆ. ಅದು ಅಲ್ಲಿ ಸಕ್ರಮವಾಗಿ ಓಡುತ್ತಿದೆಯಂತೆ.